ದೈವದ ಬಾಟ್ಲಿಗೆ ನಾನು ಹೊಯ್ದ ಚಾ

ಹರೀಶ, ದೈವದ ಬಾಟ್ಲಿಗೆ ಚಾ ತುಂಬಿಸಿಟ್ಟವಳು ನಾನು. ಅದರೊಳಗಿದ್ದ ಬ್ರಾಂದಿ ಕುಡಿದವಳೂ ನಾನೇ. ನಿನ್ನ ಅಮ್ಮ, ದೊಡ್ಡಪ್ಪ, ಜಾಲ್ಸೂರಿನ ಪ್ರಮೀಳಾ, ನೆಟ್ಟಣದ ಜೀಪು ಸ್ಟ್ಯಾಂಡಿನವರು — ಎಲ್ಲರೂ ಅದು ನಿನ್ನ ಕೆಲಸ ಎಂದು ನಂಬಿದ್ದಾರೆ. ಹಾಗೆ ನಂಬಿಸಿದವಳು ನಿನ್ನ ಅತ್ತಿಗೆಯಾದ ನಾನೇ.

ಇದನ್ನು ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದಿದ್ದೇನೋ. ನೀನು ಹಬ್ಬಕ್ಕೆಂದು ಸವಣೂರಿನ ಮನೆಗೆ ಬಂದು ಅಂಗಳದಲ್ಲಿ ಚಪ್ಪಲಿ ಕಳಚುತ್ತಿರುತ್ತೀ. ಈಗ ಹೇಳಿಬಿಡುತ್ತೇನೆ, ಇನ್ನೇನು ಹೇಳಿಯೇಬಿಟ್ಟೆ — ಅಂದುಕೊಳ್ಳುತ್ತೇನೆ. ಆಮೇಲೆ "ಬಸ್ಸಲ್ಲಿ ಬಂದದ್ದಾ?" ಎಂದು ಕೇಳುತ್ತೇನೆ. ನೀನು "ಹೂಂ" ಎನ್ನುತ್ತೀ. ಉಂಡು, ನಿನ್ನ ಬಟ್ಟಲನ್ನು ನೀನೇ ತೊಳೆದಿಟ್ಟು, ಕತ್ತಲಾಗುವ ಮೊದಲು ಹೋಗಿಬಿಡುತ್ತೀ. ನಿನ್ನ ಬಟ್ಟಲನ್ನು ನೀನೇ ತೊಳೆಯುವುದು ಯಾವಾಗಿನಿಂದ ಸುರುವಾಯಿತೆಂದು ನನಗೆ ಚೆನ್ನಾಗಿ ಗೊತ್ತು.

ಮೊದಲು ಹಾಗಿರಲಿಲ್ಲ. ನೀನು ಕುಡಿತ ಬಿಟ್ಟ ಹೊಸತು. ಸಂಕ್ರಮಣದ ದಿನ ಹಿತ್ತಿಲಿನ ದೈವದ ಕಲ್ಲಿನ ಮುಂದೆ ಹೂವು ಹಿಡಿದು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದೆ. ಆದರೂ ಅತ್ತೆಗೆ ಧೈರ್ಯ ಬಾರದು. ನೆಟ್ಟಣದ ರೈಲು ಸ್ಟೇಷನ್ನಿನಿಂದ ಸುಬ್ರಹ್ಮಣ್ಯಕ್ಕೆ ದಿನವಿಡೀ ಜೀಪಿನಲ್ಲಿ ಭಕ್ತರನ್ನು ಸಾಗಿಸಿ, ಸಂಜೆ ಬಂದವನು ಸೀದಾ ಅಡಿಗೆಕೋಣೆಗೆ ನುಗ್ಗಿ, ನನ್ನ ಮುಖದ ಮುಂದೆ ಬಾಯಿ ಅಗಲಿಸಿ ಉಸಿರು ಬಿಡುತ್ತಿದ್ದೆ.

"ನೋಡಿ ಡಾಕ್ಟ್ರೆ, ಪಾಸಾ ಫೈಲಾ?"

"ಪಾಸು. ಆದ್ರೆ ದಾರಿಯಲ್ಲಿ ನೀರುಳ್ಳಿ ಬಜೆ ತಿಂದದ್ದು ಅಮ್ಮನತ್ರ ಹೇಳ್ತೇನೆ."

ನೀನು ನಗುತ್ತಿದ್ದೆ. ನಾನು ಒಳಗೆ ಕೇಳುವಂತೆ "ಅತ್ತೆ, ಪಾಸ್!" ಎಂದು ಕೂಗುತ್ತಿದ್ದೆ. ಅದಾದ ಮೇಲೆಯೇ ಅತ್ತೆ ಊಟಕ್ಕೆ ಏಳುತ್ತಿದ್ದದ್ದು. ನನ್ನ ಮೂಗನ್ನು ಇಡೀ ಮನೆ ಅಷ್ಟು ನಂಬಿತ್ತು, ನೀನಂತೂ ಎಲ್ಲರಿಗಿಂತ ಹೆಚ್ಚು.

ಅದೇ ದಿನಗಳಲ್ಲಿ, ಆದಿತ್ಯವಾರದ ಸಂಜೆಗಳಂದು, ನೀನು ಬರುವ ಮೊದಲು ನಾನು ಏಲಕ್ಕಿ ಜಗಿದಿರುತ್ತಿದ್ದೆ. ನಿನಗೆ ಯಾಕೆ ಸಂಶಯ ಬರಬೇಕು? ಅತ್ತಿಗೆ ಪಾಯಸ ಮಾಡಿದ್ದಾಳೆ ಎಂದುಕೊಂಡಿದ್ದೀಯೋ ಏನೋ.

ನಿನ್ನಣ್ಣನಿಗೆ ಕಡಬದಲ್ಲಿ ಮೋಟಾರು ರಿಪೇರಿಯ ಅಂಗಡಿ. ವಾರಕ್ಕೊಮ್ಮೆ ತಾಮ್ರದ ತಂತಿಗೆಂದು ಪುತ್ತೂರಿಗೆ ಹೋಗುತ್ತಾರಲ್ಲ, ಬರುವಾಗ ಚೀಲದಲ್ಲಿ ಒಂದು ಬಾಟ್ಲಿ ಇರುತ್ತಿತ್ತು. ಅದನ್ನು ಕೋಣೆಯ ಕಪಾಟಿನಲ್ಲಿ, ನನ್ನ ಮದುವೆಯ ಸೀರೆಗಳ ಹಿಂದೆ ಇಟ್ಟು ಬೀಗ ಹಾಕುತ್ತಿದ್ದೆವು. ಮನೆಯಲ್ಲಿ ಬಿಟ್ಟವನೊಬ್ಬ ಇದ್ದಾನೆ, ಅವನ ಕಣ್ಣಿಗೆ ಬೀಳಬಾರದು ಎಂದು. ನಿನ್ನ ಹತ್ತಿರ ಮಾತ್ರ "ನಿನಗಾಗಿ ನಿನ್ನಣ್ಣನೂ ಬಿಟ್ಟಿದ್ದಾರೆ" ಎಂದು ನಾನೇ ಹೇಳಿದ್ದೆ. ಅವತ್ತು ನಿನ್ನ ಕಣ್ಣು ತುಂಬಿ ಬಂದಿತ್ತು. ಮೊದಲ ಸುಳ್ಳು ಅದು.

ಸುರುವಿಗೆ ನನಗೆ ಅದರ ವಾಸನೆಯೇ ಆಗುತ್ತಿರಲಿಲ್ಲ. ವಿಸ್ಕಿಗೆ ನೀರು ಬೆರೆಸಿ ಮುಖ ಕಿವುಚಿಕೊಂಡು ಗುಟುಕರಿಸುವ ನಿನ್ನಣ್ಣನನ್ನು ನೋಡಿ, "ಇಷ್ಟು ಕಷ್ಟಪಟ್ಟು ಯಾಕೆ ಕುಡಿಯುದು?" ಎಂದು ಕೇಳಿದ್ದೆ. ಆಮೇಲೆ ಒಂದು ದಿನ ಮೊಬೈಲಿನಲ್ಲಿ ಹೆಂಗಸೊಬ್ಬಳು ಲಿಂಬೆ, ಸಕ್ಕರೆ, ಐಸು ಹಾಕಿ ಕುಲುಕಿ ಕಾಕ್‌ಟೇಲ್ ಮಾಡುವುದನ್ನು ನೋಡಿದೆ. ಇದು ಸಾರು ಮಾಡಿದ ಹಾಗೆಯೇ ಅಲ್ಲವೇ ಅನಿಸಿತು. ಹುಳಿ ಇಷ್ಟು, ಸಿಹಿ ಇಷ್ಟು, ಖಾರ ಇಷ್ಟು. ಅಡಿಗೆಯವಳಿಗೆ ಇದರಲ್ಲಿ ಹೆದರುವಂಥದ್ದು ಏನಿದೆ?

ಆದಿತ್ಯವಾರ ಮಧ್ಯಾಹ್ನ ಅತ್ತೆ ಭಜನೆಗೆ ಹೋಗುತ್ತಿದ್ದರು. ನಿನಗೆ ಅದು ಬಿಡುವಿಲ್ಲದ ದಿನ. ಮನೆಯಲ್ಲಿ ನಾನು, ನಿನ್ನಣ್ಣ ಇಬ್ಬರೇ. ಕೆಮ್ಮಿನ ಸಿರಪ್ಪಿನ ಮುಚ್ಚಳ ನನ್ನ ಅಳತೆ. ಮುಚ್ಚಳ ಗಟ್ಟಿಯಾಗಿ ಕೂರುವ ಹಳೆಯ ಹಾರ್ಲಿಕ್ಸ್ ಬಾಟ್ಲಿ ಕುಲುಕಲು. ಚಾ ಸೋಸುವ ಜರಡಿಯಲ್ಲೇ ಸೋಸುವುದು. "ಬಾರಿನ ಓನರ್ ಬಂದ್ರು" ಎಂದು ನಿನ್ನಣ್ಣ ತಮಾಷೆ ಮಾಡುವರು.

ರಮ್ಮಿಗೆ ಬೆಲ್ಲದ ಪಾಕ ಹಾಕಿ ಮಾಡಿದ್ದು ಅವರಿಗೆ ಬಹಳ ಹಿಡಿಸಿತು. ನನಗೆ ಮದುವೆ ಮನೆಯ ಪಾಯಸ ಕುಡಿದಂತಾಯಿತು. ವೋಡ್ಕಾಗೆ ಎಳನೀರು ಬೆರೆಸಿದೆ — ಒಳ್ಳೆಯ ಎಳನೀರು ಹಾಳಾಯಿತು, ಅಷ್ಟೇ. ಒಮ್ಮೆ ಜಿನ್ನಿಗೆ ಪುನರ್ಪುಳಿ ಹಣ್ಣಿನ ರಸ ಹೊಯ್ದು, ಚಿಟಿಕೆ ಉಪ್ಪು ಹಾಕಿ, ಒಂದು ಗಾಂಧಾರಿ ಮೆಣಸನ್ನು ಸೀಳಿ ಬಿಟ್ಟೆ. ಕುಡಿದವಳು ಹಾಗೆಯೇ ಕೂತೆ. ಹುಳಿ, ಉಪ್ಪು, ಕೊನೆಗೆ ಗಂಟಲಲ್ಲಿ ಸಣ್ಣ ಉರಿ. ಇದು ನನಗೆ ಇಷ್ಟ! ನಿನ್ನಣ್ಣ ಒಂದು ಗುಟುಕು ಕುಡಿದು "ಇದೆಂತ, ಮೀನಿನ ಸಾರಾ?" ಎಂದು ದೂರ ಸರಿಸಿದರು. ಅವರಿಗೆ ಹಿಡಿಸಲಿಲ್ಲ ಎಂದು ನನಗೆ ಮತ್ತಷ್ಟು ಖುಷಿಯಾಯಿತು.

ನಗಬೇಡ ಹರೀಶ. ನಾನು ಈ ಮನೆಗೆ ಬಂದಂದಿನಿಂದ ಅತ್ತೆಗೆ ಬೇಕಾದಷ್ಟು ಸಕ್ಕರೆಯ ಚಾ ಕುಡಿದವಳು, ನಿನ್ನಣ್ಣನಿಗೆ ಬೇಕಾದಷ್ಟು ಖಾರದ ಸಾರು ಉಂಡವಳು. ನನಗೆಂದು ಒಂದು ರುಚಿ ಉಂಟೆಂದು ನನಗೇ ಗೊತ್ತಿರಲಿಲ್ಲ. ನನಗೆ ಹುಳಿ ಬೇಕು, ಕಹಿಯೂ ಸ್ವಲ್ಪ ಬೇಕು, ಸಿಹಿ ಬೇಡವೇ ಬೇಡ — ಇದನ್ನು ಮಕ್ಕಳಾಟದಂಥ ಆ ಮಧ್ಯಾಹ್ನಗಳಲ್ಲಿ ಕಲಿತೆ. ಕುಡಿದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ನಾಚಿಕೆ ಇರುವುದು ಮುಂದಿನದಕ್ಕೆ.

ಕಿತ್ತಳೆ ಸಿಪ್ಪೆಯ ಕಹಿಗೆ ಬ್ರಾಂದಿ ಚೆನ್ನಾಗಿ ಕೂಡುತ್ತದೆ ಎಂದು ಎಲ್ಲೋ ಕೇಳಿದೆ. ನಿನ್ನಣ್ಣನಿಗೆ ಹೇಳಿದರೆ "ಬ್ರಾಂದಿ ಎಲ್ಲ ಮುದುಕರು ಕುಡಿಯುದು, ಅದು ಯಾಕೆ?" ಎಂದು ತಳ್ಳಿಹಾಕಿದರು. ಮನೆಯಲ್ಲಿ ಬ್ರಾಂದಿ ಇತ್ತು. ದೈವದ ಕೋಣೆಯಲ್ಲಿ, ಮಣೆಯ ಹಿಂದೆ. ದೈವಕ್ಕೆ ಎಲೆ ಹಾಕಿ, ಕೋಳಿ ಸಾರು ರೊಟ್ಟಿ ಬಡಿಸಿ, ದೊನ್ನೆಯಲ್ಲಿ ಬ್ರಾಂದಿ ಹೊಯ್ದು ಅಗೆಲು ಕೊಡುವ ಮನೆ ನಮ್ಮದು. ಬೇರೆ ಮನೆಗಳಲ್ಲಾದರೆ ಬಾಟ್ಲಿಯಲ್ಲಿ ಉಳಿದದ್ದನ್ನು ಗಂಡಸರು ಪ್ರಸಾದ ಎಂದು ಹಂಚಿಕೊಂಡು ಅಲ್ಲಿಯೇ ಮುಗಿಸುತ್ತಾರೆ. ನೀನು ಆಣೆ ಮಾಡಿದ ಮೇಲೆ ಅತ್ತೆ ಅದನ್ನು ನಿಲ್ಲಿಸಿದ್ದರು. ಉಳಿದದ್ದು ಮುಂದಿನ ಅಗೆಲಿಗೆ, ಮನುಷ್ಯರು ಯಾರೂ ಮುಟ್ಟುವಂತಿಲ್ಲ ಎಂದು ಕಟ್ಟಪ್ಪಣೆ. ನಿನ್ನನ್ನು ಉಳಿಸಲು ಅವರು ಉಳಿಸಿಟ್ಟ ಬಾಟ್ಲಿ ಅದು.

ನಾನು ಒಂದು ಮುಚ್ಚಳ ತೆಗೆದೆ. ಕಿತ್ತಳೆ ಸಿಪ್ಪೆ, ಶುಂಠಿ, ಸ್ವಲ್ಪವೇ ಜೇನು. ಏನು ಹೇಳಲಿ — ನಾನು ಹುಡುಕುತ್ತಿದ್ದದ್ದು ಅದೇ ರುಚಿ. ಮುಂದಿನ ಆದಿತ್ಯವಾರ ಪುನಃ ತೆಗೆದೆ, ಅದರ ಮುಂದಿನದ್ದಕ್ಕೂ. ಬಾಟ್ಲಿಯ ಮಟ್ಟ ಇಳಿಯುವುದು ಕಾಣುತ್ತದಲ್ಲ? ಹಾಲಿಲ್ಲದ ಚಾ ಕುದಿಸಿ, ಬಣ್ಣ ಸರಿನೋಡಿ, ಆರಿಸಿ ಹೊಯ್ದೆ. ದೈವದ ಭಯ ಇರಲಿಲ್ಲವೇ ಎಂದು ಕೇಳಿದರೆ — ಇತ್ತು. ಅಗೆಲಿಗೆ ಇನ್ನೂ ತಿಂಗಳುಗಟ್ಟಲೆ ಸಮಯ ಉಂಟು, ಅಷ್ಟರಲ್ಲಿ ಹೊಸ ಬಾಟ್ಲಿ ತರಿಸಿ ಇಟ್ಟರಾಯಿತು ಎಂದು ಆ ಭಯಕ್ಕೆ ಸಮಾಧಾನ ಹೇಳುತ್ತಿದ್ದೆ.

ಅಷ್ಟರಲ್ಲಿ ನಿನ್ನನ್ನು ಮದುವೆಯಾಗಲು ಪ್ರಮೀಳಾ ಒಪ್ಪಿದಳು. ನೀನು ಕುಡಿಯುತ್ತಿದ್ದವನೆಂದು ಗೊತ್ತಿದ್ದೂ, ಬಿಟ್ಟಿದ್ದಾನೆ ಎಂಬ ಒಂದೇ ಮಾತಿನ ಮೇಲೆ ಜಾಲ್ಸೂರಿನವರು ಒಪ್ಪಿದರು. ಅತ್ತೆಗೆ ನೆಲದಲ್ಲಿ ಕಾಲು ನಿಲ್ಲಲಿಲ್ಲ. ಮಗನನ್ನು ಕಾಪಾಡಿದ ದೈವಕ್ಕೆ ಮೊದಲು ಅಗೆಲು, ಆಮೇಲೆ ನಿಶ್ಚಿತಾರ್ಥ ಎಂದು ಅಗೆಲಿನ ದಿನವನ್ನು ಮೊದಲಿಗಿಂತ ಬೇಗ ಇಟ್ಟರು. ನಿನ್ನಣ್ಣನಿಗೆ ಫೋನು ಮಾಡಿ "ಬರುವಾಗ ಒಂದು ಬ್ರಾಂದಿ ತನ್ನಿ" ಎಂದೆ. ಯಾಕೆಂದು ಬಾಯಿಬಿಟ್ಟು ಹೇಳಲಿಲ್ಲ. ಅಂಗಡಿಯಲ್ಲಿ ಜನ, ಅವರು ಮರೆತರು. ಮರುದಿನ ಪುನಃ ಕೇಳಬಹುದಿತ್ತು. ಆದರೆ ಮರುದಿನವೇ ಅಗೆಲು; ದೊಡ್ಡಪ್ಪ ಬೇಗ ಬಂದು, ತಾವೇ ಒಳಗೆ ಹೋಗಿ ಬಾಟ್ಲಿ ತೆಗೆದುಕೊಂಡು ಬಂದರು.

ಮುಸ್ಸಂಜೆ. ಎಲೆ ಬಡಿಸಿ ಆಗಿತ್ತು. ದೊಡ್ಡಪ್ಪ ದೊನ್ನೆಗೆ ಹೊಯ್ದರು, ಹೊಯ್ಯುತ್ತಿದ್ದವರು ನಿಲ್ಲಿಸಿದರು. ಬಾಟ್ಲಿಯ ಬಾಯಿಯನ್ನು ಮೂಗಿಗೆ ಹಿಡಿದರು.

"ಇದು ಚಾ ಅಲ್ವಾ ಮಾರಾಯ್ರೆ!"

ಇನ್ನೊಂದು ದಿನವಾಗಿದ್ದರೆ ಎಲ್ಲರೂ ಬಿದ್ದು ಬಿದ್ದು ನಗುವಂಥ ಮಾತು. ಯಾರೂ ನಗಲಿಲ್ಲ. ಎಲ್ಲರ ಮುಖ ನಿನ್ನ ಕಡೆಗೆ ತಿರುಗಿತು. ಎಷ್ಟು ಬೇಗ ತಿರುಗಿತು! ನನ್ನ ಕಡೆಗೆ ನೋಡುವುದು ಯಾರಿಗೂ ಹೊಳೆಯಲಿಲ್ಲ. ಅತ್ತೆ ತಡೆದು ತಡೆದು ಕೇಳಿದರು, "ಹರೀಶ... ದೈವದ್ದಕ್ಕೂ ಕೈ ಹಾಕಿದೆಯಾ?"

"ನಾನಲ್ಲಮ್ಮ. ನಾನು ಆ ಕೋಣೆಗೇ ಹೋಗ್ಲಿಲ್ಲ." ನಿನ್ನ ಧ್ವನಿಯಲ್ಲಿ ಹೆದರಿಕೆಯೇ ಇರಲಿಲ್ಲ. ಹೆದರಲು ಕಾರಣ ಇಲ್ಲವೆಂದು ನಿನಗೆ ಗೊತ್ತಿತ್ತು. "ಬೇಕಾದ್ರೆ ಅತ್ತಿಗೆಯತ್ರ ಕೇಳಿ. ದಿನಾ ನನ್ನ ಬಾಯಿ ಮೂಸುದು ಅವರೇ ಅಲ್ವಾ? ಅವರು ಹೇಳ್ಲಿ."

ಹೀಗೆ ಹೇಳಿ ನೀನು ನನ್ನತ್ತ ನೋಡಿ ಸಣ್ಣಗೆ ನಕ್ಕೆ. ಪಾಸಾ ಫೈಲಾ ಎಂದು ಕೇಳುವಾಗಿನ ನಗು.

ಅತ್ತೆ ನನ್ನನ್ನು ಕೇಳಿದರು. "ಶೈಲಾ, ಹೇಳು. ನಿನಗೆ ಎಂತಾದ್ರೂ ಗೊತ್ತುಂಟಾ?"

ನಿನ್ನಣ್ಣ ನನ್ನ ಮುಖ ನೋಡಿದರು. ಬ್ರಾಂದಿ ತನ್ನಿ ಎಂದದ್ದು ಅವರಿಗೆ ಆಗ ನೆನಪಾಗಿರಬೇಕು. ಮರುಕ್ಷಣ ತಲೆ ತಗ್ಗಿಸಿ ಎಲೆಯಲ್ಲಿದ್ದ ರೊಟ್ಟಿಯನ್ನು ಸರಿ ಮಾಡತೊಡಗಿದರು. ಅವರು ಹೇಳಲಿ — ನಾವಿಬ್ಬರೂ ಕುಡಿಯುತ್ತೇವೆ, ಇದು ನಮ್ಮ ಮನೆಯೊಳಗಿನ ತಪ್ಪು ಎಂದು ಅವರಾದರೂ ಹೇಳಲಿ ಎಂದು ಕಾದೆ. ಹೇಳಲಿಲ್ಲ. ಹಾಗಾದರೆ ನಾನು —

"ನಂಗೊತ್ತಿಲ್ಲ ಅತ್ತೆ" ಎಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಹೇಡಿತನ ಮಾತ್ರ ಆಗುತ್ತಿತ್ತು. ನಾನು ನಿಲ್ಲಿಸಲಿಲ್ಲ. ನಿನ್ನ ಆ ನಗು ಇನ್ನೂ ಮುಖದಲ್ಲಿರುವಾಗಲೇ ಇನ್ನೊಂದು ಮಾತು ಸೇರಿಸಿದೆ.

"ಸಂಜೆ ಒಮ್ಮೆ ಬಾಯಿ ಮೂಸಬಹುದು. ಉಳಿದ ಹೊತ್ತಲ್ಲಿ ಅವನ ಹಿಂದೆ ಎಷ್ಟೂಂತ ಕಣ್ಣಿಟ್ಟು ಕೂರುದು?"

ಯಾರೂ ಕೇಳದ ಮಾತು ಅದು. ಅದನ್ನು ಯಾಕೆ ಹೇಳಿದೆ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಗೊತ್ತಿಲ್ಲ ಎಂದಷ್ಟೇ ಹೇಳಿದರೆ ಅವರು ಇನ್ನೂ ಹುಡುಕಿಯಾರು, ಹುಡುಕುವುದು ನಿನ್ನಲ್ಲಿಗೇ ಬಂದು ನಿಲ್ಲಬೇಕು ಎಂದು ನನ್ನೊಳಗೆ ಯಾವುದೋ ಒಂದು ಅಷ್ಟು ಚುರುಕಾಗಿ ಲೆಕ್ಕ ಹಾಕಿತು. ನನಗೆ ಅಷ್ಟು ಬುದ್ಧಿ ಉಂಟೆಂದು ಅವತ್ತೇ ತಿಳಿದದ್ದು.

ನೀನು ನನ್ನನ್ನೇ ನೋಡಿದೆ, ಪರಿಚಯದವರು ರಸ್ತೆಯಲ್ಲಿ ಗುರುತು ಸಿಗದವರಂತೆ ದಾಟಿಹೋದರೆ ನೋಡುತ್ತೇವಲ್ಲ, ಹಾಗೆ. ಯಾರೋ ಸ್ಕೂಟರಿನಲ್ಲಿ ಹೋಗಿ ಹೊಸ ಬಾಟ್ಲಿ ತಂದರು. ಅಗೆಲು ಮುಗಿಯಿತು. ನೀನು ಉಣ್ಣಲಿಲ್ಲ.

ಕೋಣೆಗೆ ಬಂದ ನಿನ್ನಣ್ಣ ನನ್ನ ಹತ್ತಿರ ಏನೂ ಕೇಳಲಿಲ್ಲ. ಕಪಾಟಿನಿಂದ ಬಾಟ್ಲಿ ತೆಗೆದು ಚೀಲಕ್ಕೆ ಹಾಕಿದರು. "ಇನ್ನು ಇದೆಲ್ಲ ಬೇಡ" ಎಂದರು. ಆಮೇಲೆ, "ಹೆಂಗಸಿನ ಹೆಸರು ಹೊರಗೆ ಬಂದ್ರೆ ಊರಿಡೀ ಆಡಿಕೊಳ್ತಾರೆ. ಅವನ ಹೆಸರು ಹೇಗೂ ಮೊದಲೇ ಕೆಟ್ಟದ್ದು" ಎಂದರು. ತಮ್ಮನ ಬಗ್ಗೆ ಅಣ್ಣ ಆಡಿದ ಮಾತು. ನನಗೆ ಅವರ ಮೇಲೆ ಅಸಾಧ್ಯ ಸಿಟ್ಟು ಬಂತು. ಅವರು ಬಾಯಿಬಿಟ್ಟಿದ್ದರೆ ನಾನೂ ಹೇಳುತ್ತಿದ್ದೆ, ಅವರು ನನ್ನನ್ನು ಒಬ್ಬಳನ್ನೇ ಬಿಟ್ಟರು, ಮೋಸ ಹೋದವಳು ನಾನು ಎಂದು ಬಹಳ ಕಾಲ ಆ ಸಿಟ್ಟನ್ನು ಸಾಕಿದೆ. ಅದು ಬೇಕಾಗಿತ್ತು ನನಗೆ. ಅವರತ್ತ ಬೆರಳು ತೋರಿಸುತ್ತಾ ಇರುವಷ್ಟು ದಿನ ನಿನ್ನ ಮುಖ ನೋಡಬೇಕಾಗಿರಲಿಲ್ಲ.

ಜಾಲ್ಸೂರಿಗೆ ಫೋನು ಮಾಡಿದ್ದು ಅತ್ತೆಯೇ. ಮುಚ್ಚಿಟ್ಟು ಮದುವೆ ಮಾಡಬಹುದಿತ್ತು. ಅವರಿಂದ ಅದು ಆಗಲಿಲ್ಲ. "ಪುನಃ ಸುರು ಮಾಡಿದ್ದಾನೆ. ಗೊತ್ತಿದ್ದೂ ನಿಮ್ಮ ಮಗಳನ್ನು ಕೇಳುದು ನನ್ನಿಂದ ಆಗುದಿಲ್ಲ" ಎಂದು ಹೇಳಿ, ಫೋನಿಟ್ಟು, ಅಳುತ್ತ ಕೂತರು. ಅವರಿಗೆ ಲೋಟದಲ್ಲಿ ನೀರು ತಂದುಕೊಟ್ಟವಳು ನಾನು.

ನಿನಗೆ ಗೊತ್ತಿಲ್ಲದ ಇನ್ನೊಂದು ಉಂಟು. ಎರಡು ದಿನ ಬಿಟ್ಟು ಪ್ರಮೀಳಾ ನನಗೆ ಫೋನು ಮಾಡಿದ್ದಳು.

"ಅಕ್ಕ, ಅವರು ಮುಟ್ಟಿಲ್ಲ ಹೇಳ್ತಿದ್ದಾರೆ. ನೀವು ಒಂದು ಮಾತು ಹೇಳಿ. ನೀವು ಹೌದು ಹೇಳಿದ್ರೆ ನಾನು ಮನೆಯಲ್ಲಿ ಜಗಳ ಮಾಡಿಯಾದ್ರೂ ಬರ್ತೇನೆ."

ಅವಳೂ ನನ್ನನ್ನೇ ಕೇಳಿದಳು ನೋಡು. ಮನೆಯಲ್ಲಿ ಯಾರೂ ಇರಲಿಲ್ಲ. ದೊಡ್ಡಪ್ಪ ಇಲ್ಲ, ದೈವದ ಎಲೆ ಇಲ್ಲ, ಹೆದರಿಸುವ ಒಂದು ಕಣ್ಣೂ ಇಲ್ಲ. ಪಿಸುಗುಟ್ಟಿದರೆ ಸಾಕಿತ್ತು. "ನಿನ್ನ ಜೀವನ ಪ್ರಮೀಳಾ, ನೀನೇ ಯೋಚನೆ ಮಾಡು" ಎಂದೆ. ಅವಳು "ಸರಿ ಅಕ್ಕ" ಎಂದಳು. ಈಗ ಅವಳು ಕಾಸರಗೋಡಿನ ಕಡೆ ಇದ್ದಾಳೆ, ಮಗು ಉಂಟು.

ನೀನು ನೆಟ್ಟಣದಲ್ಲೇ ಬಾಡಿಗೆ ಕೋಣೆ ಹಿಡಿದೆ. ನೀನು ಪುನಃ ಸುರು ಮಾಡಬಹುದು ಎಂದು ನಾನು ಕಾದಿದ್ದೆ. ಇದು ಎಲ್ಲಕ್ಕಿಂತ ಹೇಸಿಗೆಯ ಮಾತು, ಆದರೆ ನಿಜ. ನೀನು ಕುಡಿದುಬಿಟ್ಟರೆ ನನ್ನ ಮಾತು ನಿಜವಾಗುತ್ತಿತ್ತು. ನೀನು ಕುಡಿಯಲಿಲ್ಲ. ಎಲ್ಲರೂ ಕುಡುಕ ಎಂದು ನಂಬಿರುವ ಊರಿನಲ್ಲಿ, ಒಂದು ತೊಟ್ಟೂ ಮುಟ್ಟದೆ, ಯಾರಿಗೂ ಅದನ್ನು ಸಾಬೀತು ಮಾಡುವ ಗೋಜಿಗೂ ಹೋಗದೆ ಇಷ್ಟು ವರ್ಷ ಬದುಕಿದೆ.

ಮೊನ್ನೆ ಅತ್ತೆ ಮನೆಯ ಬಗ್ಗೆ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು. ಅವರ ಮಂಡಿ ನೋವು, ಅಂಗಡಿಯ ನಷ್ಟ, ಎಲ್ಲಕ್ಕೂ ದೈವದ ಮುನಿಸೇ ಕಾರಣ ಎಂದು ಬಂತು. ತಪ್ಪು ಮಾಡಿದವನೇ ಬಂದು ದೈವದ ಮುಂದೆ ಒಪ್ಪಿಕೊಂಡು ತಪ್ಪು ಕಾಣಿಕೆ ಹಾಕಬೇಕಂತೆ. ಅತ್ತೆ ನಿನಗೆ ಫೋನು ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ನೀನು ರೇಗುತ್ತೀ, ಬರುವುದಿಲ್ಲ ಎನ್ನುತ್ತೀ ಎಂದುಕೊಂಡೆ. ನಿನ್ನ ಧ್ವನಿ ಸ್ಪಷ್ಟವಾಗಿ ಕೇಳಿಸಿತು.

"ನಿಮಗೆ ಸಮಾಧಾನ ಆಗುದಾದ್ರೆ ಹಾಕುವ ಅಮ್ಮ. ಸಂಕ್ರಮಣಕ್ಕೆ ಬರ್ತೇನೆ."

ಹರೀಶ, ಹೂವು ಹಿಡಿದು ಆಣೆ ಮಾಡಿದ ಅದೇ ಕಲ್ಲಿನ ಮುಂದೆ ನಿಂತು, ಆ ಆಣೆಯನ್ನು ಮುರಿದೆ ಎಂದು ನೀನು ಹೇಳಬೇಕು. ಹುಡುಗಿ ಹೋದಳು, ಮನೆ ಹೋಯಿತು, ಹೆಸರು ಹೋಯಿತು. ನಿನ್ನ ಕೈಯಲ್ಲಿ ಉಳಿದದ್ದು ನೀನು ಉಳಿಸಿಕೊಂಡ ಆ ಮಾತೊಂದೇ. ಅಮ್ಮನ ಸಮಾಧಾನಕ್ಕೆಂದು ಅದನ್ನೂ ಕೊಡಲು ಹೊರಟಿದ್ದೀ. ಅದಕ್ಕೂ ನಾನು ಸುಮ್ಮನೆ ನಿಂತರೆ — ಇಲ್ಲ, ಸಾಧ್ಯವಿಲ್ಲ.

ನಿನ್ನಣ್ಣನಿಗೆ ಹೇಳಿದೆ, ನಾನು ಅತ್ತೆಯ ಹತ್ತಿರ ಹೇಳುತ್ತೇನೆಂದು. "ಈಗ ಹೇಳಿ ಎಂತ ಸಿಕ್ಕುದು?" ಎಂದರು. ಏನೂ ಸಿಕ್ಕುವುದಿಲ್ಲ. ಅದು ನನಗೂ ಗೊತ್ತು.

ಇವತ್ತು ಬೆಳಿಗ್ಗೆ ಅತ್ತೆ ಚಾವಡಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಎದುರು ಕೂತು ಎಲ್ಲವನ್ನೂ ಹೇಳಿದೆ. ಆದಿತ್ಯವಾರದ ಮಧ್ಯಾಹ್ನಗಳು, ಪುನರ್ಪುಳಿ, ಕಿತ್ತಳೆ ಸಿಪ್ಪೆ, ಚಾ, ಪ್ರಮೀಳಾಳ ಫೋನು. ಬಯ್ಯುತ್ತಾರೆ, ಹೆಂಗಸಾಗಿ ಕುಡಿದೆಯಾ ಎನ್ನುತ್ತಾರೆ, ದೈವದ್ದನ್ನು ಮುಟ್ಟಿದೆಯಾ ಎನ್ನುತ್ತಾರೆ ಎಂದು ಎಲ್ಲದಕ್ಕೂ ತಯಾರಾಗಿದ್ದೆ. ಅದಾವುದನ್ನೂ ಅವರು ಕೇಳಲಿಲ್ಲ. ಕತ್ತಿಯನ್ನು ಕೆಳಗಿಟ್ಟರು.

"ಆವತ್ತು ಅವನು, ಅತ್ತಿಗೆಯತ್ರ ಕೇಳಿ ಅಂತಲ್ವಾ ಹೇಳಿದ್ದು?"

"ಹೌದು ಅತ್ತೆ."

"ನಾನು ಕೇಳಿದ್ದೆ ಅಲ್ವಾ?"

"ಕೇಳಿದ್ದಿರಿ."

ಅವರು ಎದ್ದು ಒಳಗೆ ಹೋದರು. ಬೀಜಗಳು ಅಲ್ಲೇ ಉಳಿದವು.

ನಾಳೆ ಬೆಳಗಿನ ಬಸ್ಸಿಗೆ ನೆಟ್ಟಣಕ್ಕೆ ಬರುತ್ತೇನೆ. ನೀನು ಕೋಣೆಯ ಬಾಗಿಲು ತೆರೆಯಬೇಕೆಂದಿಲ್ಲ, ಮಾತಾಡಬೇಕೆಂದೂ ಇಲ್ಲ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ನಾನು ಜೀಪು ಸ್ಟ್ಯಾಂಡಿಗೇ ಬಂದು, ನಿನ್ನ ಜೊತೆ ಗಾಡಿ ಓಡಿಸುವವರೆಲ್ಲರ ಮುಂದೆ ನನ್ನ ಹೆಸರು ಹೇಳಿ, ನಡೆದದ್ದನ್ನು ಹೇಳುತ್ತೇನೆ. ನೀನು ಸುಬ್ರಹ್ಮಣ್ಯಕ್ಕೆ ಹೋಗಿದ್ದರೆ ತಿರುಗಿ ಬರುವವರೆಗೆ ಅಲ್ಲೇ ನಿಂತಿರುತ್ತೇನೆ.